ಮೂಲ ಫೈಲ್ ಅಳಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಆಡಿಯೊ ಫೈಲನ್ನು ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಾಯಿಸುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಬದಲಾಯಿಸುವುದು ಸುಲಭ, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಮೂಲ ಫೈಲನ್ನು ಅಳಿಸಬೇಡಿ.

ಯಾಕೆ ಅಂತೀರಾ? ಸಿಡಿ ಗುಣಮಟ್ಟ ಅಂದರೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುವುದು. ಹಾಗೇ ವೇವ್ ಫೈಲಾಗಿ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ. ಅದನ್ನೇ 128 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್ ಮಾಹಿತಿಯ, ಎಂಪಿ3 ಮಾಡಿದರೆ ಹೆಚ್ಚುಕಡಿಮೆ 1 ಎಂಬಿ. ಉಳಿದದ್ದು ಎಲ್ಲಿ ಹೋಯಿತು? ಜೋರು ದನಿಯ ಮಗ್ಗುಲಲ್ಲಿರುವ ಮೆಲುದನಿ ನಮ್ಮ ಕಿವಿಗೆ ಬೀಳುವುದಿಲ್ಲ. ಎಂಪಿ3 ಅಂಥದ್ದನ್ನು ಹುಡುಕಿ ಬಿಸಾಡುತ್ತದೆ. ಜಾಣ ಕೆಲಸವೇ, ಆದರೆ ಬಿಸಾಡಿದ್ದು ಮತ್ತೆ ಸಿಗುವುದಿಲ್ಲ.

ನನಗೆ ಗೊತ್ತಿರುವ ಹುಡುಗನೊಬ್ಬ ಕಾಡಂಚಿನಲ್ಲಿ ಕೂತು ರಾತ್ರಿ ಕೀಟಗಳ ದನಿ ರೆಕಾರ್ಡ್ ಮಾಡುತ್ತಿದ್ದ. ಜಾಗ ಸಾಲುತ್ತಿಲ್ಲ ಅಂತ ಎಲ್ಲವನ್ನೂ ಎಂಪಿ3 ಮಾಡಿ, ವೇವ್ ಫೈಲುಗಳನ್ನು ಅಳಿಸಿಬಿಟ್ಟ. ಆಮೇಲೆ ಅವನ ಗೈಡ್ ವೇವ್ ಕೇಳಿದರು. ಎಂಪಿ3ಗಳನ್ನೇ ಮತ್ತೆ ವೇವ್ ಮಾಡಿಕೊಂಡು ನನ್ನ ಹತ್ತಿರ ಬಂದ. "ಸೈಜ್ ನೋಡಿ ಸರ್, ಮೊದಲಿನಷ್ಟೇ ಇದೆ" ಅಂದ. ನಾನು ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದು ತೋರಿಸಿದೆ. ಅದು ದನಿಯ ಚಿತ್ರ, ತಗ್ಗು ದನಿ ಕೆಳಗೆ, ಕೀಚಲು ದನಿ ಮೇಲೆ ಕಾಣುತ್ತದೆ. ಕೆಳಗಡೆ ಕಪ್ಪೆಗಳ ದನಿ ದಟ್ಟವಾಗಿ ಕಾಣುತ್ತಿತ್ತು. 16,000 ಹರ್ಟ್ಸ್ ಹತ್ತಿರ ಎಲ್ಲವೂ ಒಂದೇ ಮಟ್ಟಕ್ಕೆ ನಿಂತುಹೋಗಿತ್ತು. ಅದರ ಮೇಲೆ ಪೂರ್ತಿ ಖಾಲಿ. ಕೆಲವು ಮಿಡತೆಗಳ ದನಿ ಇರುವುದೇ ಆ ಖಾಲಿ ಜಾಗದಲ್ಲಿ! ಪುಣ್ಯಕ್ಕೆ ಒಂದು ಹಳೇ ಮೆಮೊರಿ ಕಾರ್ಡಿನಲ್ಲಿ ಒಂದೇ ಒಂದು ವೇವ್ ಉಳಿದಿತ್ತು. ಅದನ್ನು ಪಕ್ಕದಲ್ಲಿ ತೆರೆದಾಗ ಮೇಲ್ಗಡೆ ಸಣ್ಣ ಸಣ್ಣ ಗೆರೆಗಳು ಸಾಲಾಗಿ ಕಂಡವು. ಅವೇ ಅವನ ಮಿಡತೆಗಳು. "ಹಾಗಾದ್ರೆ ಸೈಜ್ ಹೇಗೆ ಬಂತು ಸರ್?" ಅಂತ ಕೇಳಿದ. ಪಾತ್ರೆ ದೊಡ್ಡದಾಯಿತು ಕಣಪ್ಪಾ, ಒಳಗಿರುವುದು ಅಷ್ಟೇ ಅಂದೆ.

ಇಷ್ಟು ಹೇಳಿದ ಮೇಲೂ "ಆ ಎಂಪಿ3ಯನ್ನೇ 320 ಕೆಬಿಪಿಎಸ್‌ಗೆ ಏರಿಸಿದರೆ ಸರಿಹೋಗುತ್ತಾ?" ಅಂತ ಕೇಳುವವರಿದ್ದಾರೆ. ಇಲ್ಲ, ಖಂಡಿತ ಇಲ್ಲ. ಸುಮ್ನೆ ಜಾಗ ದಂಡ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಫೈಲಿನ ಹೆಸರಿನ ಕೊನೆಯಲ್ಲಿರುವ ಅಕ್ಷರ ತಿದ್ದಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಎಎಸಿ ಕೂಡ ಎಂಪಿ3ಯಂತೆ ದನಿ ಬಿಸಾಡುವ ಫಾರ್ಮ್ಯಾಟ್, ಎಂಪಿ3ಯಿಂದ ಎಎಸಿ ಮಾಡಿದರೆ ಇನ್ನೊಂದಷ್ಟು ದನಿ ಕಳೆದುಹೋಗುತ್ತದೆ. ಯಾವ ಫಾರ್ಮ್ಯಾಟ್ ಬೇಕಾದರೂ ಪ್ರತಿ ಸಲವೂ ಮೂಲದಿಂದಲೇ ಮಾಡಿಕೊಳ್ಳಿ. ಮೂಲ ಇಡಲು ಜಾಗ ಇಲ್ಲವೇ? ಫ್ಲ್ಯಾಕ್ ಅನ್ನುವ ಫಾರ್ಮ್ಯಾಟ್ ಇದೆ. 2001ರಿಂದಲೂ ಇದೆ, ದುಡ್ಡು ಕೊಡಬೇಕಾಗಿಲ್ಲ. ಸೈಜ್ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ದನಿ ಒಂದಿಷ್ಟೂ ಕಳೆಯುವುದಿಲ್ಲ. ಫ್ಲ್ಯಾಕನ್ನು ಮತ್ತೆ ವೇವ್ ಮಾಡಿದರೆ ಮೊದಲಿದ್ದ ದನಿಯೇ ಬರುತ್ತದೆ. ಹಾಗಾಗಿ ಇವತ್ತೇ ನಿಮ್ಮ ವೇವ್‌ಗಳನ್ನು ಫ್ಲ್ಯಾಕ್ ಮಾಡಿ, ಇನ್ನೊಂದು ಡಿಸ್ಕಿಗೂ ಒಂದು ಪ್ರತಿ ಹಾಕಿ. ಫೋನಿಗೆ ಎಂಪಿ3 ಬೇಕಿದ್ದರೆ ಆ ಫ್ಲ್ಯಾಕಿನಿಂದ ಮಾಡಿಕೊಳ್ಳಿ. ನಮಸ್ಕಾರ.