ಕೈಕಾಲು ಯಾಕೆ ಕೈಗಾಲು ಆಗಲಿಲ್ಲ?

ಅಧ್ಯಕ್ಷರೇ, ಗೆಳೆಯರೇ, ನಮಸ್ಕಾರ.

ಒಳಗೆ ಬರುವಾಗ ಗೇಟಿನ ಹತ್ತಿರ ಫ್ಲೆಕ್ಸ್ ನೋಡಿದೆ. ‘ಮಳೆ ಕಾಲದ ಉಪನ್ಯಾಸ’ ಅಂತ ಬರೆಸಿದ್ದಾರೆ. ಮಳೆ ಆ ಕಡೆ, ಕಾಲ ಈ ಕಡೆ, ನಡುವೆ ಒಂದು ಆಟೋ ನುಗ್ಗುವಷ್ಟು ಜಾಗ. ಆಗುಂಬೆ ಕಡೆಯವರು ಯಾರಾದರೂ ಇದ್ದೀರಾ? ನಿಮ್ಮೂರಲ್ಲಿ ಮಳೆಗೂ ಕಾಲಕ್ಕೂ ನಡುವೆ ಇಷ್ಟು ಬಿಡುವು ಇರುತ್ತದೆಯೇ? ಸಂಘಟಕರು ಬೇಸರ ಮಾಡಿಕೊಳ್ಳಬಾರದು. ಕಳೆದುಹೋದ ಆ ಒಂದು ‘ಗ’ದ ಬಗ್ಗೆಯೇ ಮಾತಾಡಬೇಕು ಅಂತ ಬಂದವನು ನಾನು. ಗೇಟಿನಲ್ಲೇ ಉದಾಹರಣೆ ಒದಗಿಸಿಕೊಟ್ಟಿದ್ದೀರಿ.

ಮಳೆಗಾಲ, ಹೊಸಗನ್ನಡ, ಬೆಟ್ಟದಾವರೆ. ಆದೇಶ ಸಂಧಿ. ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದದ್ದೇ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ-ತ-ಪಗಳಿಗೆ ಗ-ದ-ಬ ಬರುವುದಕ್ಕೆ ಸೂತ್ರ ಕಟ್ಟಿಟ್ಟಿದ್ದಾನೆ. ಅದನ್ನು ಮತ್ತೆ ಪಾಠ ಮಾಡುವುದಿಲ್ಲ. ನನ್ನ ತಕರಾರು ಬೇರೆ, ಅದು ಶುರುವಾದದ್ದು ಉಂಬಳದಿಂದ, ಅಂದರೆ ನಮ್ಮ ಕಡೆಯ ಜಿಗಣೆಯಿಂದ.

ತೀರ್ಥಹಳ್ಳಿ ಕಡೆ ನಮ್ಮ ಮನೆ. ಅಕ್ಕನ ಮಗ ಬೆಂಗಳೂರಿನಲ್ಲಿ ಬೆಳೆದವನು, ಆಗ ಆರು ವರ್ಷ. ಆಷಾಢದ ಜಡಿಮಳೆ. ‘ಬರಿಗಾಲಲ್ಲಿ ತೋಟಕ್ಕೆ ಇಳೀಬೇಡ ಮಾರಾಯ, ಉಂಬಳ ಹತ್ತುತ್ತೆ’ ಅಂತ ಅಮ್ಮ ಮೂರು ಸಲ ಹೇಳಿದಳು. ಅವನು ಇಳಿದ. ಹತ್ತು ನಿಮಿಷಕ್ಕೆ ಕೂಗಿಕೊಂಡು ಓಡಿ ಬಂದ. ಬೆರಳಸಂದಿಯಲ್ಲಿ ಒಂದು, ಹಿಮ್ಮಡಿಯಲ್ಲಿ ಒಂದು, ಎರಡೂ ರಕ್ತ ಕುಡಿದು ಕಪ್ಪು ದ್ರಾಕ್ಷಿ ಆಗಿದ್ದವು. ಮೂರನೆಯದು ಇನ್ನೂ ನೂಲಿನಷ್ಟು ಸಪೂರ, ತಲೆ ಊರಿ, ಬಾಲ ಎಳೆದು, ಮತ್ತೆ ತಲೆ ಊರಿ, ಗೇಣು ಹಾಕುತ್ತ ಮುಂಗೈ ಹತ್ತುತ್ತಿತ್ತು. ಅಮ್ಮ ಕವಳದ ತಟ್ಟೆಯಿಂದ ಸುಣ್ಣ ತೆಗೆದು ಒಂದೊಂದಕ್ಕೇ ಮುಟ್ಟಿಸುತ್ತಿದ್ದರೆ, ಇವನು ‘ಅಜ್ಜೀ, ಕೈಗಾಲಿಗೆಲ್ಲ ಹತ್ತಿದೆ!’ ಅಂತ ಬೊಬ್ಬೆ ಹೊಡೆದ.

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೇ ನಕ್ಕರು. ಅಡಿಕೆಗೆ ಔಷಧಿ ಹೊಡೆಯಲು ಬಂದು ಮಳೆ ಬಿಡಲಿ ಅಂತ ಕೂತಿದ್ದ ಕೊನೆಗೌಡ, ಅಡಿಕೆಮರ ಬಿಟ್ಟರೆ ಶಾಲೆಯ ಮೆಟ್ಟಿಲು ಹತ್ತದ ಆಸಾಮಿ, ಎಲ್ಲರಿಗಿಂತ ಮೊದಲು ನಕ್ಕ. ‘ಕೈಗಾಲಲ್ಲ ಕಣೋ, ಕೈಕಾಲು’ ಅಂದಳು ಅಮ್ಮ. ‘ಯಾಕಜ್ಜಿ?’ ‘ಹಂಗೇ.’

ಆ ‘ಹಂಗೇ’ ನನ್ನ ತಲೆ ತಿಂದಿತು. ಹುಡುಗ ಬರಿಗಾಲು ಕೇಳಿದ್ದಾನೆ, ಮುಂಗಾಲು, ಹಿಂಗಾಲು ಕೇಳಿದ್ದಾನೆ. ಹಾಗಾದರೆ ಕೈಗಾಲು ಯಾಕಾಗಬಾರದು? ಅವನ ಲೆಕ್ಕಕ್ಕೆ ಸಿಗದೇ ಹೋದದ್ದು ಇಷ್ಟು: ಬರಿಗಾಲು ಅಂದರೆ ಕಾಲೇ, ಚಪ್ಪಲಿ ಇಲ್ಲದ ಕಾಲು. ಕೈಕಾಲು ಅಂದರೆ ಎರಡು. ಬೆಸೆದದ್ದು ಬೇರೆ, ಜೋಡಿಸಿದ್ದು ಬೇರೆ. ತಂದೆತಾಯಿಯಲ್ಲಿ ತಾಯಿ ‘ದಾಯಿ’ ಆಗಲಿಲ್ಲ, ಕೆರೆಕಟ್ಟೆಯಲ್ಲಿ ಕಟ್ಟೆ ‘ಗಟ್ಟೆ’ ಆಗಲಿಲ್ಲ. ಇಂಥ ದ್ವಂದ್ವ ಸಮಾಸದಲ್ಲಿ ಇಬ್ಬರೂ ತಮ್ಮ ತಮ್ಮ ದನಿ ಉಳಿಸಿಕೊಂಡಿದ್ದಾರೆ.

ಈಗ ಜಪಾನಿಗೆ ಬನ್ನಿ. ಅಲ್ಲಿ ‘ಯಮ’ ಅಂದರೆ ಬೆಟ್ಟ (ನಮ್ಮ ಯಮ ಅಲ್ಲ, ಹೆದರಬೇಡಿ), ‘ಕವ’ ಅಂದರೆ ಹೊಳೆ. ಬೆಟ್ಟದ ಹೊಳೆ ‘ಯಮಗವ’. ಬೆಟ್ಟ ಮತ್ತು ಹೊಳೆ ‘ಯಮಕವ’. ಅದೇ ಎರಡು ಪದ, ಅದೇ ಕ, ಅದೇ ಗ! ಕೊನೆಗೌಡ ನಕ್ಕ ಜಾಗದಲ್ಲೇ ಜಪಾನಿನ ರೈತನೂ ನಗುತ್ತಾನೆ. ನಿಮ್ಮ ಮಕ್ಕಳು ಕಾಗದದ ಹಕ್ಕಿ ಮಡಿಸುತ್ತಾರಲ್ಲ, ಒರಿಗಾಮಿ, ಅದರಲ್ಲಿ ‘ಕಾಮಿ’ ಅಂದರೆ ಕಾಗದ. ಅಲ್ಲಿನ ಆದೇಶ ಸಂಧಿ ನಮ್ಮ ಮಕ್ಕಳ ಬಾಯಲ್ಲೂ ಇದೆ, ನಮ್ಮ ಫ್ಲೆಕ್ಸಿನಲ್ಲಿ ಮಾತ್ರ ಇಲ್ಲ.

ಎರವಲು ಪದಗಳಿಗೆ ಇದು ತಗಲುವುದು ಅಲ್ಲೂ ಕಡಿಮೆ, ಇಲ್ಲೂ ಕಡಿಮೆ. ಮುಂಗಾರು ಬಂತು ಅನ್ನುತ್ತೇವೆ. ಮಗ ‘ಹೊಸಗಾರು’ ತಂದ ಅನ್ನುವುದಿಲ್ಲ. ಅಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಭೂಗರ್ಭದ ಸರ್ವೆಗೆಂದು ಜಪಾನಿಗೆ ಹೋಗಿದ್ದ ಅಮೆರಿಕದ ಎಂಜಿನಿಯರ್ ಬೆಂಜಮಿನ್ ಲೈಮನ್ 1894ರಲ್ಲಿ ಅದನ್ನು ಬರೆದ. ಎರಡನೇ ಪದದೊಳಗೆ ಆಗಲೇ ಗ, ಜ, ದ, ಬ ಥರದ ದನಿ ಇದ್ದರೆ ಮೊದಲಕ್ಷರ ಬದಲಾಗದು. ಹಾಗಾಗಿ ಕಾಮಿಕಾಜೆ, ‘ಗಾಜೆ’ ಅಲ್ಲ. ನಮ್ಮ ಬೂದುಗುಂಬಳಕ್ಕೆ ಲೈಮನ್ ಗೊತ್ತಿಲ್ಲ. ಹೊಟ್ಟೆಯಲ್ಲಿ ಬ ಇಟ್ಟುಕೊಂಡೇ ‘ಗುಂಬಳ’ ಆಗಿದೆ. ಯಾರೋ ‘ಕಾಯಿ?’ ಅಂದರು. ಹೌದು, ಬೂದುಗುಂಬಳಕಾಯಿಯಲ್ಲಿ ಕುಂಬಳ ಬಗ್ಗಿತು, ಕಾಯಿ ಬಗ್ಗಲಿಲ್ಲ. ಹೀರೆಕಾಯಿ, ಬದನೆಕಾಯಿ, ಇಂಥ ಹೆಸರುಗಳಲ್ಲಿ ಅದರದ್ದು ಹಟವೇ. ಗಾಯ ಆದೀತು ಅಂತ ಭಯವೋ ಏನೋ.

ತಮಿಳರ ದಾರಿ ಬೇರೆ, ಅವರು ಒತ್ತು ಹಾಕುತ್ತಾರೆ. ಹೂವಿನ ಅಂಗಡಿ ‘ಪೂಕ್ಕಡೈ’. ಆದರೆ ಗಿಡಬಳ್ಳಿಗೆ ‘ಚೆಡಿಕೊಡಿ’, ಒತ್ತಿಲ್ಲ. ಮತ್ತೆ ಅದೇ ನೋಡಿ, ಬೆಸೆದದ್ದು ಬೇರೆ, ಜೋಡಿಸಿದ್ದು ಬೇರೆ.

ನನಗೆ ತೀರಾ ಇಷ್ಟದ್ದು ಹೆಬ್ಬಾವು. ಹಾವಿನಲ್ಲಿ ಹ ಇದೆ, ಹೆಬ್ಬಾವಿನಲ್ಲಿ ಬ ಎಲ್ಲಿಂದ ಬಂತು? ಹಾವು ಹಳಗನ್ನಡದಲ್ಲಿ ಪಾವು, ಹುಲಿ ಪುಲಿ, ಹನಿ ಪನಿ. ಆ ಪಕಾರ ಬ ಆಗಿ ಹೆಬ್ಬಾವು, ಹೆಬ್ಬುಲಿ, ಕಂಬನಿಗಳೊಳಗೆ ಸೇರಿಕೊಂಡಿತು. ಆಮೇಲೆ ಹೊರಗಿದ್ದ ಪ ಎಲ್ಲ ಹ ಆಯಿತು, ಒಳಗಿದ್ದದ್ದು ಉಳಿಯಿತು. ಬೆಸುಗೆ ಬಿಡಿಸಿ ‘ಕಣ್ಣ ಹನಿ’ ಅಂತ ಬರೆಯಿರಿ, ಯಾರೂ ತಪ್ಪು ಅನ್ನುವುದಿಲ್ಲ. ಸಾವಿರ ವರ್ಷದ ಒಂದು ದನಿ ಮಾತ್ರ ಕೈಬಿಟ್ಟು ಹೋಗುತ್ತದೆ. ಫ್ಲೆಕ್ಸ್ ಮೇಲೆ ನನಗೆ ಸಿಟ್ಟು ಅದಕ್ಕೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಜರ್ಮನ್ ಎರಡು ಪುಟ ತಂದಿದ್ದೆ, ಬಿಡಿ. ವೇಲ್ಸಿನ ಭಾಷೆಯಲ್ಲಿ ಲೈಬ್ರರಿ ಅಂದರೆ ಪುಸ್ತಕದ ಕೋಣೆ. ‘ಕೆಲ್’ ಎಂಬ ಕೋಣೆ ಅಲ್ಲೂ ‘ಗೆಲ್’ ಆಗುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ ಬದಲಾಗದು, ದನಿಯ ಭಾರ ಮೊದಲ ಪದಕ್ಕೆ ಬೀಳುತ್ತದೆ. ಹಾಗೆ ಹೇಳಿದ ಬ್ಲ್ಯಾಕ್‌ಬೋರ್ಡಿಗೆ ಹಸಿರು ಬಣ್ಣ ಬಳಿದರೂ ಅದು ಬ್ಲ್ಯಾಕ್‌ಬೋರ್ಡೇ.

ಇಷ್ಟು ಹೊತ್ತು ಒಂದನ್ನು ಬಚ್ಚಿಟ್ಟಿದ್ದೆ. ನಮ್ಮ ಪಕ್ಕದ ತೆಲುಗು ನನ್ನ ಸಿದ್ಧಾಂತವನ್ನು ಬೋರಲು ಹಾಕುತ್ತದೆ. ಅಲ್ಲಿ ಜೋಡಿಸಿದಾಗಲೇ ಬದಲಾವಣೆ. ತಾಯಿತಂದೆ ‘ತಲ್ಲಿದಂಡ್ರುಲು’, ತಂಡ್ರಿಯ ತ ದ ಆಯಿತು. ತರಕಾರಿಗೆ ‘ಕೂರಗಾಯಲು’; ನಮ್ಮಲ್ಲಿ ಹಟ ಹಿಡಿದ ಕಾಯಿ ಅಲ್ಲಿ ಗಾಯ ಆಗಿಯೇ ಬಿಟ್ಟಿದೆ. ಕೈಕಾಲಿಗೆ ‘ಕಾಲುಸೇತುಲು’, ಚೇತುಲು ಸೇತುಲು ಆಗಿದೆ. ಅಂದರೆ ಅವತ್ತು ಜಗಲಿಯಲ್ಲಿ ನಾವೆಲ್ಲ ನಕ್ಕ ಹುಡುಗ, ತೆಲುಗಿನ ಲೆಕ್ಕದಲ್ಲಿ ಸರಿಯಾಗಿಯೇ ಅತ್ತಿದ್ದ. ಯಾಕೆ ಹೀಗೆ ಅಂತ ಕೇಳಿದರೆ ನನಗೂ ಅಮ್ಮನ ಉತ್ತರವೇ ಗತಿ. ಹಿಂದಿನ ಸಾಲಿನಲ್ಲಿ ತೆಲುಗು ಬಲ್ಲವರೊಬ್ಬರು ಆಗಿನಿಂದ ನಗುತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.