ಕಾಣದ ತವರಿಗೆ ಹತ್ತು ದಿನ

ಕೇಳುಗರಿಗೆ ನಮಸ್ಕಾರ.

‘ಜನ್ಮಸಿದ್ಧ ಹಕ್ಕು’ ಅಂದ ಕೂಡಲೇ ನಮಗೆ ನೆನಪಾಗುವವರು ತಿಲಕರು. ಸ್ವರಾಜ್ಯದ ಮಾತು, ಶಾಲೆಯ ಗೋಡೆಯ ಮೇಲೆ ಓದಿದ ಮಾತು. ಇವತ್ತು ನಾನು ಹೇಳಹೊರಟಿರುವುದು ಅದೇ ಹೆಸರು ಹೊತ್ತ ಒಂದು ಪ್ರವಾಸದ ಕಥೆ. ‘ಬರ್ತ್‌ರೈಟ್ ಇಸ್ರೇಲ್’ ಅಂತ ಅದರ ಹೆಸರು. ಹೀಬ್ರೂವಿನಲ್ಲಿ ‘ತಗ್ಲಿತ್’ ಅನ್ನುತ್ತಾರೆ, ಅಂದರೆ ಕಂಡುಕೊಂಡದ್ದು. ಅಮೆರಿಕದಲ್ಲೋ ಕೆನಡಾದಲ್ಲೋ ಅರ್ಜೆಂಟೀನಾದಲ್ಲೋ ಹುಟ್ಟಿ ಬೆಳೆದ ಯಹೂದಿ ಹುಡುಗ ಹುಡುಗಿಯರನ್ನು ಹತ್ತು ದಿನದ ಮಟ್ಟಿಗೆ ಇಸ್ರೇಲಿಗೆ ಕರೆದುಕೊಂಡು ಹೋಗುತ್ತಾರೆ. ವಯಸ್ಸು 18ರಿಂದ 26. ನಡುವೆ ಕೆಲವು ವರ್ಷ 32ರವರೆಗೂ ಬಿಟ್ಟಿದ್ದರು. ವಿಮಾನ, ಬಸ್ಸು, ವಸತಿ, ಬಹುಪಾಲು ಊಟ, ಎಲ್ಲ ಪುಕ್ಕಟೆ. 1999ರ ಡಿಸೆಂಬರಿನಲ್ಲಿ ಮೊದಲ ತಂಡಗಳು ಹೊರಟವು. ಅಲ್ಲಿಂದ ಇಲ್ಲಿಗೆ 8 ಲಕ್ಷಕ್ಕೂ ಹೆಚ್ಚು ಮಂದಿ ಹೋಗಿ ಬಂದಿದ್ದಾರೆ.

ಪುಕ್ಕಟೆ ಅಂದಾಗ ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದೇ: ಕೊಡುವವನಿಗೆ ಏನು ಆಸೆ?

ಆಸೆಯನ್ನು ಅವರು ಮುಚ್ಚಿಟ್ಟಿರಲಿಲ್ಲ. ಇಸ್ರೇಲಿನ ರಾಜಕಾರಣಿ ಯೋಸ್ಸಿ ಬೈಲಿನ್ 1990ರ ದಶಕದಲ್ಲಿ ಈ ಯೋಚನೆಯನ್ನು ಮುಂದಿಟ್ಟರು. ಕೈಯಿಂದ ಹಣ ಹಾಕಿ ಅದನ್ನು ನಿಲ್ಲಿಸಿದವರು ಕೆನಡಾದ ಚಾರ್ಲ್ಸ್ ಬ್ರಾನ್‌ಫ್‌ಮನ್ ಮತ್ತು ನ್ಯೂಯಾರ್ಕಿನ ಮೈಕೆಲ್ ಸ್ಟೈನ್‌ಹಾರ್ಟ್ ಎಂಬ ಇಬ್ಬರು ಶ್ರೀಮಂತರು. ಇಸ್ರೇಲ್ ಸರ್ಕಾರವೂ ಪಾಲು ಹಾಕಿತು. ಆಮೇಲೆ ಅಡೆಲ್ಸನ್ ಕುಟುಂಬದಂಥ ದೊಡ್ಡ ದಾನಿಗಳು ಬಂದರು. ಇವರೆಲ್ಲರನ್ನೂ ಎಬ್ಬಿಸಿ ಕೂರಿಸಿದ್ದು 1990ರಲ್ಲಿ ಅಮೆರಿಕದ ಯಹೂದಿಗಳ ನಡುವೆ ನಡೆದ ಒಂದು ಸಮೀಕ್ಷೆ. ಅದಕ್ಕೆ ಹಿಂದಿನ ಐದಾರು ವರ್ಷಗಳಲ್ಲಿ ಮದುವೆಯಾದ ಯಹೂದಿಗಳಲ್ಲಿ 52 ಶೇಕಡಾ ಮಂದಿ ಹೊರಗಿನವರನ್ನು ಮದುವೆಯಾಗಿದ್ದಾರೆ ಅಂತ ಆ ವರದಿ ಹೇಳಿತು. ಆ ಅಂಕಿ ತುಸು ಹೆಚ್ಚಾಯಿತು ಅಂತ ಬೇರೆ ಪಂಡಿತರು ಆಮೇಲೆ ತಿದ್ದಿದರು. ಆದರೆ ಅಷ್ಟರಲ್ಲಿ ಗಾಬರಿ ಮನೆಮನೆಗೂ ತಲುಪಿಯಾಗಿತ್ತು. ಮಕ್ಕಳು ಹಬ್ಬ ಮಾಡುವುದಿಲ್ಲ, ಪ್ರಾರ್ಥನಾ ಮಂದಿರಕ್ಕೆ ಹೋಗುವುದಿಲ್ಲ, ಇನ್ನೊಂದು ತಲೆಮಾರು ಕಳೆದರೆ ನಾವು ಯಾರು ಅಂತ ಹೇಳುವವರೇ ಇರುವುದಿಲ್ಲ ಅನ್ನುವ ಗಾಬರಿ. ಅಮೆರಿಕದ ನಮ್ಮ ಕನ್ನಡ ಕೂಟಗಳಲ್ಲಿ ಮಕ್ಕಳ ಕನ್ನಡದ ಬಗ್ಗೆ ಮಾತಾಡುವ ಅಪ್ಪ ಅಮ್ಮಂದಿರಿಗೆ ಈ ಸಂಕಟದ ಒಂದು ಎಳೆ ಅರ್ಥವಾದೀತು. ಒಂದು ಎಳೆ ಮಾತ್ರ. ಯಹೂದಿಗಳ ಗಾಬರಿಯ ಹಿಂದೆ ಯೂರೋಪಿನಲ್ಲಿ ಕೊಲ್ಲಲ್ಪಟ್ಟ 60 ಲಕ್ಷ ಮಂದಿಯ ನೆನಪಿದೆ. ನಮ್ಮದರ ಹಿಂದೆ ಅಂಥದ್ದೇನೂ ಇಲ್ಲ.

ಈಗ ಬಸ್ಸು ಹತ್ತೋಣ. ಒಂದು ಬಸ್ಸಿಗೆ ಸುಮಾರು ನಲವತ್ತು ಜನ. ಜೆರುಸಲೇಮಿನ ಪಶ್ಚಿಮ ಗೋಡೆ, ನರಮೇಧದ ಸ್ಮಾರಕ ಯಾದ್ ವಶೇಮ್, ಹರ್ಜಲ್ ಬೆಟ್ಟದ ಸೈನಿಕರ ಸಮಾಧಿಗಳು, ಟೆಲ್ ಅವೀವಿನ ಕಡಲತಡಿ, ಮರುಭೂಮಿಯಲ್ಲಿ ಬೆದೂಯಿನರ ಗುಡಾರದಲ್ಲಿ ಒಂದು ರಾತ್ರಿ, ಮೃತ ಸಮುದ್ರದಲ್ಲಿ ಅಂಗಾತ ತೇಲುವುದು. ಕುಟುಂಬದ ತೀರ್ಥಯಾತ್ರೆ ಮಾಡಿದವರಿಗೆ ಈ ಓಟದ ಪರಿಚಯವಿರುತ್ತದೆ: ನಿದ್ದೆ ಬಸ್ಸಿನಲ್ಲೇ, ಇಳಿ ಅಂದಲ್ಲಿ ಇಳಿಯಬೇಕು, ಹತ್ತು ಅಂದಾಗ ಹತ್ತಬೇಕು.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಮಸಾದಾ ಬೆಟ್ಟದ ಬಗ್ಗೆ. ಇನ್ನೂ ಕತ್ತಲಿರುವಾಗ ಹುಡುಗರನ್ನು ಎಬ್ಬಿಸಿ, ‘ಹಾವಿನ ಹಾದಿ’ ಅನ್ನುವ ಸುತ್ತು ಬಳಸಿನ ಕಾಲುದಾರಿಯಲ್ಲಿ ಹತ್ತಿಸುತ್ತಾರೆ. ತುದಿ ಮುಟ್ಟುವ ಹೊತ್ತಿಗೆ ಮೃತ ಸಮುದ್ರದ ಆಚೆ, ಜೋರ್ಡಾನಿನ ಬೆಟ್ಟಗಳ ಹಿಂದಿನಿಂದ ಸೂರ್ಯ ಏಳುತ್ತಾನೆ. ಹೆರೋದ ಅರಸ ಕಟ್ಟಿಸಿದ ಕೋಟೆ ಅದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೂ ಒಂದು ಬಂಡಾಯದ ಗುಂಪು ಇಲ್ಲಿ ಕೆಲವು ವರ್ಷ ಹಿಡಿದು ನಿಂತಿತು. ಕೊನೆಗೆ ಸೈನ್ಯ ಗೋಡೆ ಒಡೆದು ಒಳಗೆ ಬರುವ ಹಿಂದಿನ ರಾತ್ರಿ, ಸೆರೆಯಾಗುವುದು ಬೇಡವೆಂದು 960 ಜನ ಪ್ರಾಣ ಕಳೆದುಕೊಂಡರು, ಇಬ್ಬರು ಹೆಂಗಸರು ಮತ್ತು ಐದು ಮಕ್ಕಳು ಅಡಗಿಕೊಂಡು ಉಳಿದರು ಅಂತ ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಆತ ಹುಟ್ಟಿನಿಂದ ಯಹೂದಿ. ಬರೆಯುವ ಹೊತ್ತಿಗೆ ರೋಮಿನ ಆಶ್ರಯದಲ್ಲಿದ್ದವನು. ಆ ರಾತ್ರಿ ಬೆಟ್ಟದ ಮೇಲಿರಲಿಲ್ಲ. ಹಾಗಾಗಿ ಕಥೆಯಲ್ಲಿ ಎಷ್ಟು ನಿಜ ಎಂಬ ಜಗಳ ಇತಿಹಾಸಕಾರರ ನಡುವೆ ಮುಗಿದಿಲ್ಲ. 1963ರಿಂದ 65ರವರೆಗೆ ಇಸ್ರೇಲಿನ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಅಲ್ಲಿ ಉತ್ಖನನ ಮಾಡಿದಾಗ ಎಷ್ಟೋ ದೇಶಗಳ ತರುಣರು ತಮ್ಮದೇ ಖರ್ಚಿನಲ್ಲಿ ಬಂದು ಮಣ್ಣು ಹೊತ್ತರು. ಅವರು ಹಣ ಕೊಟ್ಟು ಬಂದು ಮಣ್ಣು ಹೊತ್ತ ಬೆಟ್ಟಕ್ಕೆ ಇವರು ಪುಕ್ಕಟೆ ಬಂದು ಸೂರ್ಯೋದಯ ನೋಡುತ್ತಾರೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಮಾಡಿಸದೆ ಬಿಟ್ಟಿದ್ದ ಬಾರ್ ಮಿತ್ಸ್ವಾ, ಅಂದರೆ ಹರೆಯಕ್ಕೆ ಬಂದ ಸಂಸ್ಕಾರವನ್ನು, ಕೆಲವರು ಈ ಪ್ರವಾಸದಲ್ಲೇ ಮಾಡಿಸಿಕೊಳ್ಳುವುದೂ ಉಂಟು. ಇಪ್ಪತ್ತೆರಡರ ಹುಡುಗನಿಗೆ ಹದಿಮೂರರ ಸಂಸ್ಕಾರ! ತಡವಾದ ಉಪನಯನವನ್ನು ಮದುವೆಯ ಹಿಂದಿನ ದಿನ ಮುಗಿಸುವ ನಮ್ಮ ಮನೆಗಳ ಗಡಿಬಿಡಿ ನನಗೆ ನೆನಪಾಯಿತು.

ಇಷ್ಟಾದರೂ, ಊರಿಗೆ ಮರಳಿದ ಹುಡುಗರ ಮನಸ್ಸಿನಲ್ಲಿ ಹೆಚ್ಚು ಉಳಿಯುವುದು ಬೆಟ್ಟವಲ್ಲ, ಬಸ್ಸಿನ ಗೆಳೆಯರು ಅಂತ ನನಗೆ ಅನ್ನಿಸುತ್ತದೆ. ಪ್ರವಾಸದ ನಡುವೆ ಒಂದು ದಿನ ಅವರದೇ ವಯಸ್ಸಿನ ಆರೆಂಟು ಇಸ್ರೇಲಿಗಳು ಬಸ್ಸು ಹತ್ತುತ್ತಾರೆ. ಹೆಚ್ಚಿನವರು ಸೈನಿಕರು. ಇದಕ್ಕೆ ‘ಮಿಫ್ಗಶ್’ ಅಂತ ಹೆಸರು, ಭೇಟಿ ಅಂತ ಅರ್ಥ. ಕೆಲವು ದಿನ ಒಟ್ಟಿಗೆ ಉಣ್ಣುತ್ತಾರೆ, ಒಂದೇ ಕೋಣೆಯಲ್ಲಿ ಮಲಗುತ್ತಾರೆ, ರಾತ್ರಿಯೆಲ್ಲ ಹರಟುತ್ತಾರೆ. ಹರ್ಜಲ್ ಬೆಟ್ಟದ ಸಮಾಧಿಗಳ ನಡುವೆ ನಡೆಯುವಾಗ ಪಕ್ಕದಲ್ಲಿ ನಿನ್ನೆ ರಾತ್ರಿ ಹಾಡು ಹೇಳಿದ ಹುಡುಗನೇ ಸಮವಸ್ತ್ರದಲ್ಲಿ ನಿಂತಿರುತ್ತಾನೆ. ಅಲ್ಲಿ ಭಾಷಣ ಬೇಕಾಗುವುದಿಲ್ಲ. ಯೋಜನೆ ಮಾಡಿದವರ ಜಾಣತನ ಇಲ್ಲಿದೆ. ನೆಲದ ಮೇಲೆ ಪ್ರೀತಿ ಹುಟ್ಟಿಸುವುದು ಕಷ್ಟ. ಆ ನೆಲದ ಒಬ್ಬ ಗೆಳೆಯನನ್ನು ಸಂಪಾದಿಸಿಕೊಟ್ಟರೆ, ಪ್ರೀತಿಗೆ ಹಿಡಿದುಕೊಳ್ಳಲು ಒಂದು ಕೈ ಸಿಕ್ಕಿತು.

ಫಲ ಸಿಕ್ಕಿತೇ? ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅರ್ಜಿ ಹಾಕಿಯೂ ಜಾಗ ಸಿಗದೆ ಮನೆಯಲ್ಲುಳಿದವರನ್ನು ಹೋಗಿಬಂದವರ ಜೊತೆ ಇಟ್ಟು ನೋಡಿದರು. ಇಬ್ಬರಿಗೂ ಹೋಗುವ ಆಸೆ ಇತ್ತಲ್ಲ, ಆದ್ದರಿಂದ ಹೋಲಿಕೆಗೆ ತೂಕ ಬಂತು. ಹೋಗಿಬಂದವರಿಗೆ ಇಸ್ರೇಲಿನ ಜೊತೆ ನಂಟು ಹೆಚ್ಚು, ಯಹೂದಿಗಳನ್ನೇ ಮದುವೆಯಾಗುವ ಸಾಧ್ಯತೆಯೂ ಹೆಚ್ಚು ಅಂತ ಕಂಡಿತು. ದಾನಿಗಳ ಎದೆ ತಣ್ಣಗಾಗಿರಬೇಕು.

ಇನ್ನು ಬಸ್ಸಿನ ಕಿಟಕಿಯಿಂದ ಕಾಣದ ಸಂಗತಿ. 1950ರ ‘ಹಿಂದಿರುಗುವ ಕಾಯ್ದೆ’ ಪ್ರಕಾರ ಜಗತ್ತಿನ ಯಾವುದೇ ಯಹೂದಿ ಇಸ್ರೇಲಿಗೆ ಬಂದು ಪೌರನಾಗಬಹುದು. 1970ರಲ್ಲಿ ಅದನ್ನು ಯಹೂದಿಯ ಮೊಮ್ಮಕ್ಕಳವರೆಗೂ ಹಿಗ್ಗಿಸಿದರು. ಈಗ ಹೈಫಾ ಊರನ್ನು ನೆನೆಯಿರಿ. ನಮಗೇನೂ ಗೊತ್ತಿಲ್ಲದ ಊರಲ್ಲ ಅದು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ತುರ್ಕರಿಂದ ಗೆದ್ದ ಊರು. ಅದೇ ಹೈಫಾದಿಂದ 1948ರ ಯುದ್ಧದಲ್ಲಿ ಹೊರಟುಹೋದ ಪ್ಯಾಲೆಸ್ಟೀನಿ ಮನೆತನಗಳ ಮೊಮ್ಮಕ್ಕಳು ಲೆಬನಾನಿನ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದಿದ್ದಾರೆ. ಕೆಲವರ ಮನೆಯಲ್ಲಿ ಹಳೆಯ ಬೀಗದ ಕೈ ಇನ್ನೂ ಇದೆ. ಅವರಿಗೆ ವಾಪಸಾಗುವ ಹಕ್ಕಿಲ್ಲ. ಶಿಕಾಗೋದಲ್ಲಿ ಹುಟ್ಟಿದವನಿಗೆ ಇದೆ. ಯೋಜನೆಗೆ ಬೇರೆ ಯಾವ ಹೆಸರಿಟ್ಟಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಇದನ್ನು ಹೊರಗಿನವರಷ್ಟೇ ಹೇಳಿದ್ದಲ್ಲ. 2018ರ ಬೇಸಗೆಯಲ್ಲಿ ಐದು ಅಮೆರಿಕನ್ ಹುಡುಗಿಯರು ಪ್ರವಾಸದ ಕೊನೆಗೆ ತಂಡ ಬಿಟ್ಟು, ಇಸ್ರೇಲಿನ ಮಾಜಿ ಸೈನಿಕರ ‘ಮೌನ ಮುರಿಯೋಣ’ ಎಂಬ ಸಂಘಟನೆಯವರ ಜೊತೆ ಹೆಬ್ರಾನ್ ನೋಡಲು ಹೊರಟರು. ಇಸ್ರೇಲ್ ಸೈನ್ಯದ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿ ಊರು ಅದು. ತಾವು ತಂಡ ಬಿಡುವುದನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದರು. ಪುಕ್ಕಟೆ ಉಂಡು ಬೈಯ್ದರು ಅಂತ ಒಂದು ಕಡೆಯವರು ಕೂಗಾಡಿದರು. ಅನ್ನದ ಋಣ ದೊಡ್ಡದು, ನಾನೂ ಒಪ್ಪುತ್ತೇನೆ. ಆದರೆ ತವರಿಗೆ ಹೋದ ಮಗಳು ‘ಪಕ್ಕದ ಕೋಣೆಗೆ ಯಾಕೆ ಬೀಗ?’ ಅಂತ ಕೇಳಿದರೆ ಅದು ದ್ರೋಹವೇ? ಕೇಳುವಷ್ಟು ಸಲಿಗೆ ಬಂದದ್ದರಿಂದಲೇ ಅದು ತವರು.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ಬೆನ್ನಲ್ಲೇ ಪ್ರವಾಸಗಳು ನಿಂತವು. ಆಮೇಲೆ ಹೊಸ ಬಗೆಯ ತಂಡಗಳು ಹೋದವು. ಅವರು ಹೊಲ ತೋಟಗಳಲ್ಲಿ ಕೊಯ್ಲಿಗೆ ಕೈಹಾಕಿದರು. ಗಾಜಾದ ಸಾವುಗಳನ್ನು ದಿನವೂ ಫೋನಿನಲ್ಲಿ ನೋಡುತ್ತಾ ಅದೇ ವಯಸ್ಸಿನ ಇತರ ಯಹೂದಿಗಳು ಅಮೆರಿಕದ ಕಾಲೇಜು ಆವರಣಗಳಲ್ಲಿ ಪ್ರತಿಭಟನೆಗೆ ಕೂತರು. ಒಂದೇ ಮನೆಯ ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ. 2025ರ ಜೂನ್‌ನಲ್ಲಿ ಇರಾನಿನ ಜೊತೆ ಯುದ್ಧ ಶುರುವಾಗಿ ವಿಮಾನಗಳು ನಿಂತಾಗ, ಪ್ರವಾಸಕ್ಕೆ ಬಂದಿದ್ದ ಸುಮಾರು 1,500 ಮಂದಿಯನ್ನು ವಿಹಾರದ ಹಡಗಿನಲ್ಲಿ ಸೈಪ್ರಸ್‌ಗೆ ದಾಟಿಸಬೇಕಾಯಿತು.

ತವರು ಎಲ್ಲರನ್ನೂ ಒಂದೇ ತೆರನಾಗಿ ಕರೆಯಲಿಲ್ಲ ಅನ್ನುವುದಕ್ಕೆ ನಮ್ಮ ಕರಾವಳಿಯ ನೆರೆಯವರೇ ಸಾಕ್ಷಿ. ಕೊಂಕಣದ ಬೆನೆ ಇಸ್ರೇಲಿಗಳು ಗಾಣದ ಎಣ್ಣೆ ತೆಗೆಯುತ್ತಾ, ಮರಾಠಿ ಮಾತಾಡುತ್ತಾ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದವರು. ಜನ ಅವರನ್ನು ‘ಶನಿವಾರ ತೇಲಿ’ಗಳು ಅನ್ನುತ್ತಿದ್ದರು. 1948ರ ನಂತರ ಅವರಲ್ಲಿ ಹಲವರು ಇಸ್ರೇಲಿಗೆ ಹೋದರು. ಅಲ್ಲಿನ ತಾರತಮ್ಯ ಸಹಿಸಲಾರದೆ, ನಮ್ಮನ್ನು ಭಾರತಕ್ಕೆ ವಾಪಸ್ ಕಳಿಸಿ ಅಂತ 1951ರ ಸುಮಾರಿಗೆ ಕೆಲವರು ಧರಣಿ ಕೂತರು, ಒಂದಷ್ಟು ಜನ ಬಂದೇ ಬಿಟ್ಟರು. ಉಳಿದವರ ಮದುವೆಯ ವಿಷಯ ಬಂದಾಗ ಅಲ್ಲಿನ ಧರ್ಮಗುರುಗಳು, ನಿಮ್ಮ ಅಜ್ಜಿ ಮುತ್ತಜ್ಜಿಯರ ವಂಶ ತನಿಖೆಯಾಗಬೇಕು ಅಂದರು. ಬೆನೆ ಇಸ್ರೇಲಿಗಳು ಜೆರುಸಲೇಮಿನಲ್ಲಿ ಮುಷ್ಕರ ಹೂಡಿದರು. 1964ರಲ್ಲಿ ಅಲ್ಲಿನ ಸಂಸತ್ತೇ, ಇವರು ಎಲ್ಲ ರೀತಿಯಲ್ಲೂ ಯಹೂದಿಗಳು ಅಂತ ಹೇಳಬೇಕಾಯಿತು. ಇವರ ಹಕ್ಕು ಜನ್ಮದಿಂದ ಬಂತೋ ಮುಷ್ಕರದಿಂದ ಬಂತೋ, ನೀವೇ ಹೇಳಿ.

ಬಸ್ಸಿನಲ್ಲಿ ಹತ್ತಿ ಇಳಿದ ಆ ಸೈನಿಕ ಹುಡುಗರ ಮಾತು ಬಾಕಿ ಉಳಿಯಿತು. ಅಮೆರಿಕದವರು ಬೇರು ಹುಡುಕಿಕೊಂಡು ಇಸ್ರೇಲಿಗೆ ಬಂದರೆ, ಇಸ್ರೇಲಿನ ಹುಡುಗರು ಎರಡು ಮೂರು ವರ್ಷದ ಸೈನ್ಯದ ಸೇವೆ ಮುಗಿದದ್ದೇ ತಡ, ಚೀಲ ಬೆನ್ನಿಗೇರಿಸಿ ಅಲ್ಲಿಂದ ದೂರ ಹೊರಡುತ್ತಾರೆ. ಹಿಮಾಚಲ, ಗೋವಾ, ಹಂಪಿ, ನಮ್ಮ ಗೋಕರ್ಣ. ಕುಡ್ಲೆ, ಓಂ ಕಡಲತಡಿಗಳ ಹೋಟೆಲುಗಳಲ್ಲಿ ಹೀಬ್ರೂ ಅಕ್ಷರದ ಬೋರ್ಡು, ತಟ್ಟೆಯಲ್ಲಿ ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಬೇಯಿಸಿದ ಶಕ್ಷುಕಾ. ಬಂದೂಕು ಇಳಿಸಿ ಬಂದ ಹುಡುಗರು ಅಲ್ಲಿ ವಾರಗಟ್ಟಲೆ ಮರಳಿನ ಮೇಲೆ ಸುಮ್ಮನೆ ಮಲಗಿರುತ್ತಾರೆ. ಅಂಗಡಿಯ ಹುಡುಗ ಅವರನ್ನು ‘ಶಲೋಮ್’ ಅಂತ ಕರೆದು, ಹರಕುಮುರುಕು ಹೀಬ್ರೂವಿನಲ್ಲೇ ಚೌಕಾಸಿ ಮಾಡುತ್ತಾನೆ. ಹಿಂದೆಯೇ ನಿಂತ ನಮ್ಮ ಕಡೆ ತಿರುಗಿ, ‘ನಿಮಗೆ ಎಂತ ಬೇಕು?’ ಅಂತಾನೆ.

ನಮಸ್ಕಾರ.