ನಿಂತಿದ್ದ ಕಾರು, ದೂರದ ದಾರಿ

ಕೇಳುಗರಿಗೆ ನಮಸ್ಕಾರ.

“ಎಂಟು ವರ್ಷದಿಂದ ರಸ್ತೆಗೆ ಇಳಿಸಿಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುತ್ತಿದ್ದೆ.” ಕಾರಿನ ಒಡೆಯರು ದೂರವಾಣಿಯಲ್ಲಿ ಹೇಳಿದ ಈ ಮಾತು ನನಗೆ ತುಂಬ ಧೈರ್ಯ ಕೊಟ್ಟಿತು. ಅವರ ದನಿಯಲ್ಲಿ ಪ್ರಾಮಾಣಿಕತೆ ಇತ್ತು, ಆ ಕಾರಿನ ಮೇಲಿನ ಪ್ರೀತಿಯೂ ಇತ್ತು. 35 ವರ್ಷ ಹಳೆಯದಾದ ಆ ಕಾರು ನನ್ನ ಮನೆಯಿಂದ 520 ಕಿಲೋಮೀಟರ್ ದೂರದಲ್ಲಿತ್ತು. ಚಿತ್ರಗಳನ್ನು ನೋಡಿಯೇ ಮುಂಗಡ ಕೊಟ್ಟೆ. ಓಡಿಸಿಕೊಂಡೇ ತರುತ್ತೇನೆ ಎಂದು ಮನೆಯವರಿಗೆ ಹೇಳಿದೆ. ಆ ಪ್ರಯಾಣದಲ್ಲಿ ಕಲಿತದ್ದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ. ನಿಮ್ಮಲ್ಲಿ ಕೆಲವರಾದರೂ ಎಲ್ಲೋ ದೂರದಲ್ಲಿರುವ ಒಂದು ಹಳೆಯ ಗಾಡಿಯ ಚಿತ್ರವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿರಬಹುದು.

ಮೊದಲು ಆ ಐದು ನಿಮಿಷದ ವಿಷಯ ಹೇಳಿಬಿಡುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ಎಂಜಿನ್ ಬೆಚ್ಚಗಾಗುವುದಷ್ಟೇ, ಕಾಯುವುದಿಲ್ಲ. ಆಗ ಆವಿ ಒಳಗೇ ತಣ್ಣಗಾಗಿ ನೀರಾಗುತ್ತದೆ. ಒಂದಷ್ಟು ಸೈಲೆನ್ಸರ್‌ನಲ್ಲಿ ನಿಂತು ತುಕ್ಕು ತರುತ್ತದೆ, ಒಂದಷ್ಟು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಎಂಟು ವರ್ಷ, ತಿಂಗಳಿಗೊಂದು ಸಲ ಎಂದರೆ ತೊಂಬತ್ತಾರು ಸಲ. ಆ ಹಿರಿಯರು ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸವೇ ಕಾರನ್ನು ಒಳಗಿನಿಂದ ಸವೆಸಿತ್ತು. ಇದನ್ನು ನಾನು ಅವರಿಗೆ ಹೇಳಲಿಲ್ಲ. ಇನ್ನು ಆ ಕಾರು ಅವರದಲ್ಲ, ಹೇಳಿ ನೋಯಿಸುವುದರಿಂದ ಯಾರಿಗೂ ಪ್ರಯೋಜನವಿರಲಿಲ್ಲ.

ಹಳೆಯ ವಾಹನ ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ. ನಾನೂ ಅದನ್ನೇ ಕೇಳಿದ್ದೆ. ಈಗ ಮೊದಲು ಕೇಳುವುದು ಬೇರೆಯದು: ಎಷ್ಟು ಕಾಲ ನಿಂತಿತ್ತು? ಮೂರು ಲಕ್ಷ ಕಿಲೋಮೀಟರ್ ಓಡಿ, ನಿನ್ನೆಯೂ ಕೆಲಸಕ್ಕೆ ಹೋಗಿ ಬಂದ ಗಾಡಿಯನ್ನು ದೂರದ ಊರಿನಿಂದ ಓಡಿಸಿಕೊಂಡು ಬರಬಹುದು. ಐವತ್ತು ಸಾವಿರವಷ್ಟೇ ಓಡಿ ಹತ್ತು ವರ್ಷ ಶೆಡ್ಡಿನಲ್ಲಿ ನಿಂತದ್ದನ್ನು ಅಷ್ಟು ಸುಲಭವಾಗಿ ನಂಬಲಾಗದು. ಓಡುವ ಗಾಡಿಯ ಸವೆತ ಸದ್ದಿನಲ್ಲೋ ಹೊಗೆಯಲ್ಲೋ ಮೊದಲೇ ಗೊತ್ತಾಗುತ್ತದೆ. ನಿಂತ ಗಾಡಿಯ ರಬ್ಬರ್ ಒಣಗಿರುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಹಿಡಿದಿರುತ್ತದೆ, ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಹೊರಗಿನಿಂದ ಒಂದೂ ಕಾಣುವುದಿಲ್ಲ. ಬಾನೆಟ್ ಹೊಳೆಯುತ್ತಲೇ ಇರುತ್ತದೆ.

ನಾನು ಮತ್ತು ಸ್ಪ್ಯಾನರ್ ಹಿಡಿಯಬಲ್ಲ ನನ್ನ ಗೆಳೆಯ ಅಲ್ಲಿಗೆ ಹೋದದ್ದು ಬಸ್ಸಿನಲ್ಲಿ. ಹೋಗುವ ಮೊದಲು ಅವನು ನನ್ನ ಮೂಲಕ ಒಡೆಯರಿಗೆ ಒಂದು ಸಂದೇಶ ಕಳಿಸಿದ್ದ: “ನಾವು ಬರುವವರೆಗೆ ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ.” ತಲುಪಿದ ಕೂಡಲೇ ಅವನು ಬಾನೆಟ್ ಮೇಲೆ ಕೈ ಇಟ್ಟು ನೋಡಿದ. ತಣ್ಣಗಿತ್ತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಲೇ ಅದರ ನಿಜವಾದ ಸ್ಥಿತಿ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಕಪ್ಪಾದರೆ ಪೆಟ್ರೋಲ್ ಅತಿಯಾಗುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೋರುತ್ತಿರಬಹುದು. ನಮ್ಮದಕ್ಕೆ ಮೊದಲ ಅರ್ಧ ನಿಮಿಷ ತೆಳುವಾದ ನೀಲಿ ಹೊಗೆ ಬಂದು ನಿಂತಿತು. ಅಷ್ಟು ವಯಸ್ಸಿಗೆ ಅದು ಕ್ಷಮಿಸಬಹುದಾದದ್ದು.

ಟಯರುಗಳು ಮಾತ್ರ ನನ್ನನ್ನು ಬೆಚ್ಚಿಬೀಳಿಸಿದವು. ನೋಡಲು ಹೊಸದರಂತಿದ್ದವು, ಗೆರೆಗಳು ಸವೆದಿರಲೇ ಇಲ್ಲ. ಗೆಳೆಯ ಟಾರ್ಚ್ ಹಿಡಿದು ಪಕ್ಕದ ಗೋಡೆಯ ಮೇಲಿನ ಸಂಖ್ಯೆ ಹುಡುಕಿದ. ಟಯರಿನ ಮೇಲೆ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕೆಗಳಲ್ಲಿ ಒತ್ತಿರುತ್ತಾರೆ. 2314 ಎಂದಿದ್ದರೆ 2014ನೆಯ ಇಸವಿಯ 23ನೆಯ ವಾರ. ಈ ಕ್ರಮ ಬಂದದ್ದು 2000ದಿಂದ. ಅದಕ್ಕೂ ಹಿಂದಿನ ಟಯರುಗಳಲ್ಲಿ ಮೂರೇ ಅಂಕೆಗಳಿರುತ್ತವೆ. ನಮ್ಮ ಸ್ಟೆಪ್ನಿಯಲ್ಲಿದ್ದದ್ದು ಮೂರು ಅಂಕೆ. ಉಳಿದ ನಾಲ್ಕು ಅಷ್ಟು ಹಳೆಯವಲ್ಲ, ಆದರೂ ಹತ್ತು ವರ್ಷ ದಾಟಿದ್ದವು, ಬದಿಯ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಹತ್ತು ವರ್ಷ ಮೀರಿದ ಟಯರ್ ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ ಎಂದು ತಯಾರಕರಲ್ಲಿ ಹಲವರು ಹೇಳುತ್ತಾರೆ. ಹೆದ್ದಾರಿಯ ವೇಗದಲ್ಲಿ ಒಣಗಿದ ರಬ್ಬರಿನ ಪದರ ಕಿತ್ತು ಬಂದರೆ ಸ್ಟಿಯರಿಂಗ್ ಹಿಡಿದವನ ಕೌಶಲದಿಂದ ಏನೂ ಆಗುವುದಿಲ್ಲ. ಆ ದಿನವೆಲ್ಲ ಟಯರ್ ಬದಲಾಯಿಸುವುದರಲ್ಲೇ ಕಳೆಯಿತು. ಅದರ ಬಗ್ಗೆ ನನಗೆ ಯಾವ ವ್ಯಥೆಯೂ ಇಲ್ಲ.

ಬ್ರೇಕ್ ಆಯಿಲ್ ಕೂಡ ಬದಲಾಯಿಸಿದೆವು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ ನೀರು ಸೇರಿದರೆ ಸಾಕು, ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುವಾಗ ಆ ಬಿಸಿ ತಲುಪುವುದು ಕಷ್ಟವೇನಲ್ಲ. ಕುದಿದು ಗುಳ್ಳೆಯೆದ್ದ ದ್ರವದ ಮೇಲೆ ಪೆಡಲ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಕಾರಿನಿಂದ ಇಳಿಸಿದ ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಎಂಜಿನ್ ಆಯಿಲ್, ಅದರ ಫಿಲ್ಟರ್, ಫ್ಯಾನ್ ಬೆಲ್ಟ್, ಬ್ಯಾಟರಿ ಇವನ್ನೂ ಹೊಸದು ಹಾಕಿದೆವು. ಕಾಗದಪತ್ರಗಳಲ್ಲಿದ್ದ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಒತ್ತಿದ್ದ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿದೆವು. ಹೊರಡುವ ಮೊದಲೇ ವಿಮೆ ನನ್ನ ಹೆಸರಿಗೆ ಬಂದಿತ್ತು. ಈ ಎರಡರಲ್ಲಿ ಯಾರೂ ರಿಯಾಯಿತಿ ತೋರಬಾರದು.

ಮರುದಿನ ಬೆಳಕು ಹರಿಯುವಾಗ ಹೊರಟೆವು. ಗೆಳೆಯನ ನಿಯಮ ಒಂದೇ: ಮೊದಲು ಹತ್ತು ಕಿಲೋಮೀಟರಿಗೆ ನಿಲ್ಲುವುದು, ಆಮೇಲೆ ಮೂವತ್ತಕ್ಕೆ, ಆಮೇಲೆ ಪ್ರತಿ ಅರವತ್ತಕ್ಕೆ. ನಿಂತಾಗ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡುವುದು. ಮುಂದಿನ ಎರಡು ಒಂದೇ ಸಮ, ಹಿಂದಿನ ಎರಡು ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಮೊದಲ ನಿಲುಗಡೆಯಲ್ಲೇ ಹಿಂಬದಿಯ ಎಡ ಚಕ್ರದ ಬಳಿ ಕೈ ಇಡಲಾಗಲಿಲ್ಲ. ಎಂಟು ವರ್ಷ ಎಳೆದೇ ಇಟ್ಟಿದ್ದ ಹ್ಯಾಂಡ್‌ಬ್ರೇಕ್‌ನ ಕೇಬಲ್ ಪೂರ್ತಿ ಹಿಂದಕ್ಕೆ ಸರಿದಿರಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ಗಂಟೆ ಬಡಿದು, ಎಣ್ಣೆ ಬಿಟ್ಟು ಅದನ್ನು ಸಡಿಲಿಸಿದೆವು. ಹತ್ತು ಕಿಲೋಮೀಟರಿಗೆ ನಿಲ್ಲದೆ ನೂರು ಓಡಿಸಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ನಿಜವಾದ ಕಾಟ ಶುರುವಾದದ್ದು ನೂರೈವತ್ತು ಕಿಲೋಮೀಟರ್ ದಾಟಿದ ಮೇಲೆ. ಸಮತಟ್ಟಾದ ರಸ್ತೆಯಲ್ಲಿ ಸರಾಗವಾಗಿ ಓಡುತ್ತಿದ್ದ ಕಾರು ಏರು ಬಂದ ಕೂಡಲೇ ಉಸಿರುಕಟ್ಟಿದಂತೆ ಬಸವಳಿದು ನಿಂತಿತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದಂತೆ ಹೊರಟಿತು. ಮುಂದಿನ ಏರಿನಲ್ಲಿ ಮತ್ತೆ ಅದೇ. ಇಂಥ ರೋಗ ಮನುಷ್ಯನನ್ನು ಅಲ್ಲಾಡಿಸಿಬಿಡುತ್ತದೆ. ನಿಂತೇ ಬಿಟ್ಟರೆ ಕಾರಣ ಹುಡುಕಬಹುದು, ಹೀಗೆ ಬಂದು ಹೋಗುವುದನ್ನು ಹಿಡಿಯುವುದು ಹೇಗೆ? ಗೆಳೆಯ ಮಾತ್ರ ನಗುತ್ತ ಪೆಟ್ರೋಲ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಕೆಮ್ಮಣ್ಣಿನಂಥ ಪುಡಿ ತುಂಬಿತ್ತು. ಟ್ಯಾಂಕಿನ ತುಕ್ಕು. ಓಡುವಾಗ ಪಂಪು ಎಳೆದ ರಭಸಕ್ಕೆ ಅದು ಫಿಲ್ಟರ್ ಕಾಗದಕ್ಕೆ ಅಂಟಿಕೊಂಡು ದಾರಿ ಕಟ್ಟುತ್ತದೆ, ಏರಿನಲ್ಲಿ ಹೆಚ್ಚು ಪೆಟ್ರೋಲ್ ಬೇಕಾದಾಗ ಸಾಲದೆ ಬರುತ್ತದೆ. ನಿಂತರೆ ಪುಡಿ ಕೆಳಗೆ ಕುಸಿದು ಮತ್ತೆ ದಾರಿ ಬಿಡುತ್ತದೆ. ಆಮೇಲಿನ ದಾರಿಯಲ್ಲಿ ನಾವು ಐದು ಫಿಲ್ಟರ್ ಬದಲಾಯಿಸಿದೆವು. ಬೆರಳುದ್ದದ, ತೀರ ಅಗ್ಗದ ವಸ್ತು ಅದು. ಹಳೆಯ ಕಾರು ತರಲು ಹೊರಡುವವರು ಬೇರೇನು ಮರೆತರೂ ಅರ್ಧ ಡಜನ್ ಫಿಲ್ಟರ್ ಮಾತ್ರ ಮರೆಯಬಾರದು.

ಆ ರಸ್ತೆಬದಿಯಲ್ಲಿ ಕೂತಾಗ ನನಗೆ ನೆನಪಾದದ್ದು ಬರ್ತಾ ಬೆಂಜ್. 1888ರ ಆಗಸ್ಟ್‌ನಲ್ಲಿ ಆಕೆ ಗಂಡ ಕಾರ್ಲ್ ಬೆಂಜ್‌ಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ತಯಾರಿಸಿದ ಮೂರು ಚಕ್ರದ ಮೋಟಾರು ಬಂಡಿಯಲ್ಲಿ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 106 ಕಿಲೋಮೀಟರ್. ಮೋಟಾರು ಬಂಡಿಯಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು. ಆಕೆ ಟೋಪಿಯ ಪಿನ್ನು ತೆಗೆದು ಚುಚ್ಚಿ ಅದನ್ನು ಬಿಡಿಸಿದಳು. ತಂತಿಯ ಹೊದಿಕೆ ಕಿತ್ತಾಗ ತನ್ನ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಲಿಗ್ರೊಯಿನ್ ಎಂಬ ದ್ರಾವಕ ಕೊಂಡಳು. ಬ್ರೇಕ್ ಸವೆದಾಗ ಚಮ್ಮಾರನೊಬ್ಬನಿಂದ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಇಳಿದು ತಳ್ಳಬೇಕಾಯಿತು. ಆ ಅನುಭವದಿಂದಲೇ ಮುಂದೆ ಬಂಡಿಗೆ ಏರಿನ ಗೇರು ಬಂತು ಎನ್ನುತ್ತಾರೆ. ನಮ್ಮ ಕೈಯಲ್ಲಿದ್ದದ್ದೂ ಆಕೆಯ ಕಾಲದ ರೋಗವೇ. ನನಗೆ ಅದರಿಂದ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ.

ಮಧ್ಯಾಹ್ನದ ಬಿಸಿಲಿಗೆ ಎಂಜಿನ್ ಬಿಸಿಯ ಮುಳ್ಳು ಮೇಲೇರತೊಡಗಿತು. ಆಗ ನಾವು ಕಿಟಕಿಗಳನ್ನು ತೆರೆದು ಹೀಟರ್ ಪೂರ್ತಿ ಹಾಕಿದೆವು. ವಿಚಿತ್ರವೆನಿಸಿದರೂ ಅದು ಸರಿಯಾದ ಕ್ರಮ. ಹೀಟರ್‌ನ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್‌ನ ಒಂದಷ್ಟು ಬಿಸಿಯನ್ನು ಅದು ನಮ್ಮ ಮೈಮೇಲೆ ಸುರಿಯುತ್ತದೆ. ಮುಳ್ಳು ಇಳಿಯಿತು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಿಸಿದ ಗಳಿಗೆಯಲ್ಲೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಕೆಂಪು ದೀಪಗಳ ಬಗ್ಗೆಯೂ ಒಂದು ಮಾತು. ಬ್ಯಾಟರಿಯ ದೀಪ ಹೊತ್ತಿದರೆ, ಅದಕ್ಕೆ ಕಾರಣ ಬೆಲ್ಟ್ ಹರಿದದ್ದು ಅಲ್ಲವೆಂದು ನೋಡಿಕೊಂಡು, ಹಗಲಿನಲ್ಲಿ ಒಂದಷ್ಟು ದೂರ ಹೋಗಬಹುದು. ಆಯಿಲ್ ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಒಳಗಿನ ಲೋಹಗಳನ್ನು ಒಂದಕ್ಕೊಂದು ತಾಗದಂತೆ ಇಡುವುದು ಆಯಿಲ್‌ನ ತೆಳುವಾದ ಒಂದು ಪದರ ಮಾತ್ರ.

ಸಂಜೆಯ ಹೊತ್ತಿಗೆ ನಾಲ್ಕು ನೂರು ಕಿಲೋಮೀಟರ್ ಮುಗಿದಿತ್ತು. ಮನೆಗೆ ಇನ್ನು ನೂರಿಪ್ಪತ್ತು. ದೊಡ್ಡ ಮರವೊಂದರ ಕೆಳಗೆ ನಿಲ್ಲಿಸಿ ಚಕ್ರ ಮುಟ್ಟಿ ನೋಡುತ್ತಿದ್ದಾಗ ಎಂಜಿನ್ ಮುಂಭಾಗದಿಂದ ಕರಕರ ಎಂಬ ಸಣ್ಣ ಸದ್ದು ಕೇಳಿಸಿತು. ಎಂಜಿನ್ ನಿಲ್ಲಿಸಿ ಗೆಳೆಯ ಫ್ಯಾನಿನ ರೆಕ್ಕೆ ಹಿಡಿದು ಅಲ್ಲಾಡಿಸಿದ. ಅದು ಅಲುಗಿತು. ವಾಟರ್ ಪಂಪಿನ ಬೇರಿಂಗ್ ಹೋಗಿತ್ತು, ಕೆಳಗೆ ಕೂಲೆಂಟ್ ಹನಿ ಹನಿಯಾಗಿ ಸೋರುತ್ತಿತ್ತು. ಈ ಮಾದರಿಯ ಕಾರುಗಳಲ್ಲಿ ಫ್ಯಾನ್ ಕೂತಿರುವುದು ಪಂಪಿನ ದಂಡದ ಮೇಲೆಯೇ. ದಂಡ ಮುರಿದರೆ ತಿರುಗುತ್ತಿರುವ ಫ್ಯಾನ್ ನೇರವಾಗಿ ರೇಡಿಯೇಟರ್‌ಗೆ ನುಗ್ಗುತ್ತದೆ.

ನಾನು ವಾದಿಸಿದೆ. ನಿಧಾನವಾಗಿ ಹೋಗೋಣ, ಇಪ್ಪತ್ತು ಕಿಲೋಮೀಟರಿಗೊಮ್ಮೆ ನೀರು ಹಾಕೋಣ, ಬೆಳಗಿನಿಂದ ಇಷ್ಟು ಬಂದಿಲ್ಲವೇ ಎಂದೆ. ಗೆಳೆಯ ಹೇಳಿದ್ದು ಇಷ್ಟೇ: “ನಿನಗೆ ಕಾರು ಬೇಕೋ, ಓಡಿಸಿಕೊಂಡು ಬಂದೆ ಎಂಬ ಮಾತು ಬೇಕೋ?” ನಾನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ವಾಹನ ಸಾಗಿಸುವ ಲಾರಿಗೆ ಕರೆ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಅದು ಬಂತು. ಕಾರನ್ನು ಹಗ್ಗ ಕಟ್ಟಿ ಮೇಲೆಳೆಯುವುದನ್ನು ನೋಡುವಾಗ ಗಂಟಲು ಕಟ್ಟಿತು.

ಒಂದು ತಿಂಗಳು ಕಾರು ಮೆಕ್ಯಾನಿಕ್ ಹತ್ತಿರ ಇತ್ತು. ಟ್ಯಾಂಕ್ ಇಳಿಸಿ ತೊಳೆಸಿದ್ದಾಯಿತು, ರಬ್ಬರ್ ಹೋಸ್‌ಗಳೆಲ್ಲ ಹೊಸದಾದವು, ಪಂಪ್ ಬದಲಾಯಿತು. ಬಿಚ್ಚಿದ ಹಳೆಯ ಪಂಪನ್ನು ಮೆಕ್ಯಾನಿಕ್ ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡಿ ಎಂದ. ದಂಡ ಸುತ್ತಲೂ ಓಲಾಡುತ್ತಿತ್ತು. ಇನ್ನು ಎಷ್ಟು ದೂರ ಬರುತ್ತಿತ್ತು ಎಂದು ಕೇಳಿದೆ. ಅವನು ತಲೆಯಾಡಿಸಿ ಸುಮ್ಮನಾದ.

ಆ ಭಾನುವಾರ ಬೆಳಗ್ಗೆ ಒಬ್ಬನೇ ಕಾರು ತೆಗೆದೆ. ನೂರಿಪ್ಪತ್ತು ಕಿಲೋಮೀಟರ್ ಹಿಂದಕ್ಕೆ, ಆ ಮರದವರೆಗೆ ಓಡಿಸಿದೆ. ಹತ್ತಕ್ಕೆ ನಿಂತೆ, ಮೂವತ್ತಕ್ಕೆ ನಿಂತೆ. ಮರದ ಕೆಳಗೆ ನಮ್ಮ ಕೂಲೆಂಟ್ ಬಿದ್ದ ಜಾಗವನ್ನು ಹುಡುಕಿದೆ, ಗುರುತು ಉಳಿದಿರಲಿಲ್ಲ. ಸುತ್ತ ಬಂದು ನಾಲ್ಕೂ ಚಕ್ರದ ಬಳಿ ಕೈ ಹಿಡಿದೆ. ಮುಂದಿನ ಎರಡು ಒಂದೇ ಸಮ, ಹಿಂದಿನ ಎರಡು ಒಂದೇ ಸಮ ಬೆಚ್ಚಗಿದ್ದವು. ಕಾರನ್ನು ತಿರುಗಿಸಿಕೊಂಡು ಮನೆಯ ಕಡೆ ಹೊರಟೆ.

ನಮಸ್ಕಾರ.